ಜಾಲತಾಣದ ಡೇಟಾಬೇಸ್: ಬೀಗದ ಕೈ ಯಾರ ಬಳಿ ಇರಬೇಕು?

ಕಾಸರಗೋಡು: ಊರಿನ ವಾಚನಾಲಯ, ಯಕ್ಷಗಾನ ಸಂಘ, ದೇವಸ್ಥಾನದ ಜೀರ್ಣೋದ್ಧಾರ ಸಮಿತಿ, ಶಾಲೆಯ ಹಳೆ ವಿದ್ಯಾರ್ಥಿ ಸಂಘ ಹೀಗೆ ಗಡಿನಾಡಿನಲ್ಲಿ ಸ್ವಂತ ಜಾಲತಾಣ ಮಾಡಿಕೊಂಡ ಸಂಸ್ಥೆಗಳು ಹಲವು. ಉದ್ಘಾಟನೆಯ ದಿನ ಮುಖ್ಯ ಅತಿಥಿಗಳ ಕೈಯಿಂದ ಗುಂಡಿ ಒತ್ತಿಸಿ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ತಾಣದೊಳಗಿನ ಬರಹ ನಿಜವಾಗಿ ಎಲ್ಲಿರುತ್ತದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿದರೆ ಪದಾಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನಾನು ಓದಿದ್ದು ಇತಿಹಾಸ ಮತ್ತು ಕನ್ನಡ ಸಾಹಿತ್ಯ. ಗಣಕಯಂತ್ರದ ಗಂಧಗಾಳಿ ಇಲ್ಲದೆ ಬೆಳೆದವನು. ಐವತ್ತು ದಾಟಿದ ಮೇಲೆ ಈ ವಿಷಯ ಕಲಿಯಬೇಕಾಗಿ ಬಂದದ್ದು ನಮ್ಮೂರಿನ ವಾಚನಾಲಯದ ತಾಣಕ್ಕೆ ಒದಗಿದ ಗತಿಯಿಂದಾಗಿ. ತಾಣ ಮಾಡಿಕೊಟ್ಟದ್ದು ಊರಿನದೇ ಹುಡುಗ. ಒಂದು ರೂಪಾಯಿ ಕೇಳಲಿಲ್ಲ. ತನ್ನ ಸ್ವಂತ ಇ-ಮೇಲ್ ಕೊಟ್ಟು ಖಾತೆ ತೆರೆದ. ಕನ್ನಡ ಮತ್ತು ಮಲಯಾಳ ಪುಸ್ತಕಗಳ ಪಟ್ಟಿ, ವಾರ್ಷಿಕೋತ್ಸವದ ವರದಿಗಳು, ಹಿರಿಯರ ಬಾಯಿಂದ ಕೇಳಿ ಟೈಪ್ ಮಾಡಿದ ಊರಿನ ಹಳೆಯ ಸಂಗತಿಗಳು ಎಲ್ಲ ಅದರಲ್ಲಿದ್ದವು. ಮುಂದೆ ಅವನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತು. ವಾರ್ಷಿಕ ಬಾಡಿಗೆ ಮುಗಿಯುತ್ತಿದೆ ಎಂಬ ಎಚ್ಚರಿಕೆಗಳು ಅವನು ತೆರೆದು ನೋಡದ ಇ-ಮೇಲ್‌ಗೆ ಹೋಗುತ್ತಲೇ ಇದ್ದವು. ಫೋನು ಮಾಡಿದರೆ, "ಮಾವಾ, ಪಾಸ್‌ವರ್ಡ್ ಹಳೆ ಮೊಬೈಲಿನಲ್ಲಿತ್ತು, ಆ ಮೊಬೈಲು ಈಗ ಇಲ್ಲ" ಎಂದ.

ಹೇಗೋ ಒಳಹೊಕ್ಕು, ದಾಖಲೆ ಇಳಿಸಿಕೊಂಡು, ಬೇರೊಂದು ಕಂಪನಿಗೆ ಸಾಗಿಸಿದೆವು. ಹೊಸ ತಾಣ ತೆರೆದು ನೋಡಿದರೆ ಪುಸ್ತಕದ ಹೆಸರುಗಳಿದ್ದ ಜಾಗದಲ್ಲೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಬೆಲೆ ಮತ್ತು ಪುಟಸಂಖ್ಯೆ ಮಾತ್ರ ಸರಿಯಾಗಿದ್ದವು. ಅಷ್ಟರಲ್ಲಿ ಹಳೆ ಖಾತೆ ಮುಚ್ಚಿತ್ತು. ಇಳಿಸಿಕೊಂಡ ಮೂಲ ಫೈಲನ್ನೂ ಕೆಲಸ ಮುಗಿಯಿತೆಂದು ಅಳಿಸಿ ಆಗಿತ್ತು. ಪುಸ್ತಕದ ಪಟ್ಟಿಯನ್ನು ದಾಸ್ತಾನು ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿದೆವು. ಹಿರಿಯರ ಮಾತುಗಳಿಗೆ ಕಾಗದದ ಪ್ರತಿ ಇರಲಿಲ್ಲ. ಹೇಳಿದವರಲ್ಲಿ ಇಬ್ಬರು ಈಗ ಇಲ್ಲ.

ಬೇರೆ ಸಂಘಗಳಿಗೆ ಈ ಪಾಡು ಬಾರದಿರಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಒಟ್ಟುಮಾಡಿ ಕೊಡುತ್ತಿದ್ದೇನೆ.

ಫೈಲ್ ಬೇರೆ, ಡೇಟಾಬೇಸ್ ಬೇರೆ

ಸಾಮಾನ್ಯವಾಗಿ ಒಂದು ಜಾಲತಾಣಕ್ಕೆ ಎರಡು ಭಾಗ. ಚಿತ್ರಗಳು, ತಾಣವನ್ನು ನಡೆಸುವ ಪ್ರೋಗ್ರಾಂಗಳು ಫೈಲುಗಳಾಗಿ ಫೋಲ್ಡರಿನಲ್ಲಿರುತ್ತವೆ. ಬರಹ, ಪಟ್ಟಿ, ಸದಸ್ಯರ ವಿವರ ಡೇಟಾಬೇಸಿನಲ್ಲಿರುತ್ತವೆ. ದತ್ತಸಂಚಯ ಎಂಬ ಒಳ್ಳೆಯ ಕನ್ನಡ ಪದ ಇದಕ್ಕಿದೆಯಾದರೂ ಆಡುಮಾತಿನಲ್ಲಿ ಡೇಟಾಬೇಸ್ ಎಂದೇ ರೂಢಿ. ಫೋಲ್ಡರಿನಲ್ಲಿರುವ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು "ತಾಣ ಪೂರ್ತಿ ನಮ್ಮ ಕೈಯಲ್ಲಿದೆ" ಎಂದು ನಂಬಿದವರು ಅನೇಕ. ಅದರಲ್ಲಿ ಮನೆಯ ಗೋಡೆ, ಮಾಡು ಇರುತ್ತದೆ, ಪೆಟ್ಟಿಗೆಯೊಳಗಿನ ದಾಖಲೆ ಇರುವುದಿಲ್ಲ.

ಬಾಡಿಗೆಯ ಹೋಸ್ಟಿಂಗ್‌ಗಳಲ್ಲಿ ಬಹುಪಾಲು ಬಳಕೆಯಲ್ಲಿರುವುದು ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶ. 1995ರಲ್ಲಿ ಹೊರಬಂದದ್ದು. ಇದರ ಕರ್ತೃಗಳಲ್ಲಿ ಒಬ್ಬರಾದ ಫಿನ್ಲೆಂಡಿನ ಮೈಕೆಲ್ ವಿಡೇನಿಯಸ್ ತಮ್ಮ ಮಗಳ ಹೆಸರಿನಿಂದ ಇದರ ಮೊದಲ ಪದವನ್ನು ಆರಿಸಿದರು. 2008ರಲ್ಲಿ ಇದು ಸನ್ ಕಂಪನಿಯ ಪಾಲಾಗಿ, 2010ರಲ್ಲಿ ಸನ್ ಕಂಪನಿಯೇ ಒರಾಕಲ್ ವಶವಾಯಿತು. ಈ ಕೈಬದಲಾವಣೆಯಿಂದ ಅಸಮಾಧಾನಗೊಂಡ ವಿಡೇನಿಯಸ್ 2009ರಲ್ಲಿ ಮಾರಿಯಾಡಿಬಿ ಎಂಬ ಕವಲನ್ನು ಆರಂಭಿಸಿದರು. ಈ ಸಲ ಕಿರಿಯ ಮಗಳ ಹೆಸರು! ಇಂದು ಅನೇಕ ಹೋಸ್ಟಿಂಗ್‌ಗಳಲ್ಲಿ ಫಲಕದ ಮೇಲೆ ಮೈಎಸ್‌ಕ್ಯುಎಲ್ ಎಂದಿದ್ದರೂ ಒಳಗೆ ಕೆಲಸ ಮಾಡುವುದು ಮಾರಿಯಾಡಿಬಿ. ದಿನಬಳಕೆಯಲ್ಲಿ ವ್ಯತ್ಯಾಸ ಕಾಣದು. ತಾಣ ಸಾಗಿಸುವಾಗ ಒಂದು ಕಡೆ ಕಾಣುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

ಇವುಗಳನ್ನು ನಿರ್ವಹಿಸಲು ಕಂಪನಿಯವರು ನಮಗೊಂದು ನಿಯಂತ್ರಣ ಫಲಕ, ಅಂದರೆ ಕಂಟ್ರೋಲ್ ಪ್ಯಾನೆಲ್ ಕೊಡುತ್ತಾರೆ. 1996ರಲ್ಲಿ ಬಂದ ಸಿಪ್ಯಾನೆಲ್ ಹೆಚ್ಚು ಪರಿಚಿತ. ಪ್ಲೆಸ್ಕ್, ಡೈರೆಕ್ಟ್‌ಅಡ್ಮಿನ್ ಮುಂತಾದವೂ ಇವೆ. ಇಲ್ಲಿ ಸಿಪ್ಯಾನೆಲ್ ಅನ್ನೇ ಹಿಡಿದು ಹೇಳಿದ್ದೇನೆ. ಉಳಿದವುಗಳಲ್ಲಿ ಹೆಸರು ಬದಲಾದರೂ ಕ್ರಮ ಅದೇ.

ಮೂರು ಹೆಜ್ಜೆ

ಫಲಕದಲ್ಲಿ ಡೇಟಾಬೇಸ್ ವಿಭಾಗಕ್ಕೆ ಹೋದರೆ ಡೇಟಾಬೇಸ್ ವಿಝಾರ್ಡ್ ಎಂಬುದು ಕಾಣಸಿಗುತ್ತದೆ. ಹೊಸಬರಿಗೆ ಅದೇ ಒಳ್ಳೆಯದು. ಮೊದಲ ಹೆಜ್ಜೆಯಲ್ಲಿ ಡೇಟಾಬೇಸಿಗೆ ಹೆಸರು ಕೊಡಬೇಕು. ನೀವು 'ಪುಸ್ತಕ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಮಾನ್ಯವಾಗಿ ನಿಮ್ಮ ಖಾತೆಯ ಹೆಸರು, ಒಂದು ಅಡಿಗೆರೆ, ಆಮೇಲೆ 'ಪುಸ್ತಕ' ಎಂದು ಪೂರ್ಣ ಹೆಸರಾಗುತ್ತದೆ. ತಾಣಕ್ಕೆ ತಿಳಿಸುವಾಗ ಈ ಪೂರ್ಣ ಹೆಸರನ್ನೇ ಕೊಡಬೇಕು. ಬಹಳ ಜನ ಎಡವುವುದು ಇಲ್ಲಿಯೇ.

ಎರಡನೆಯ ಹೆಜ್ಜೆಯಲ್ಲಿ ಡೇಟಾಬೇಸ್ ಬಳಕೆದಾರನನ್ನು ಸೃಷ್ಟಿಸಬೇಕು. ಬಳಕೆದಾರ ಎಂದ ಕೂಡಲೆ ಮನುಷ್ಯನೆಂದು ತಿಳಿಯಬಾರದು. ತಾಣದ ಪ್ರೋಗ್ರಾಂ ಡೇಟಾಬೇಸಿನ ಬಾಗಿಲು ತಟ್ಟುವಾಗ ಹೇಳುವ ಹೆಸರು ಅದು. ಸಿಪ್ಯಾನೆಲ್‌ಗೆ ಪ್ರವೇಶಿಸುವ ಹೆಸರು ಬೇರೆ, ಡೇಟಾಬೇಸ್ ಬಳಕೆದಾರ ಬೇರೆ, ತಾಣದಲ್ಲಿ ಲೇಖನ ಏರಿಸುವ ಸಂಪಾದಕನ ಹೆಸರು ಬೇರೆ. ಮೂರಕ್ಕೂ ಪಾಸ್‌ವರ್ಡ್ ಬೇರೆ ಬೇರೆ ಇರಬೇಕು. ಕಾರಣ ಇದೆ: ಡೇಟಾಬೇಸ್ ಪಾಸ್‌ವರ್ಡ್ ತಾಣದ ಸಂರಚನಾ ಫೈಲಿನಲ್ಲಿ ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿರುತ್ತದೆ. ವರ್ಡ್‌ಪ್ರೆಸ್ ತಾಣವಾದರೆ ಡಬ್ಲ್ಯುಪಿ-ಕಾನ್ಫಿಗ್ ಎಂಬ ಫೈಲಿನಲ್ಲಿ. ಫೋಟೋ ಏರಿಸಲೆಂದು ಇಡೀ ತಾಣದ ಎಫ್‌ಟಿಪಿ ಪ್ರವೇಶ ಪಡೆದ ಯಾರೂ ಅದನ್ನು ಓದಬಹುದು. ಅದೇ ಪಾಸ್‌ವರ್ಡ್ ಸಿಪ್ಯಾನೆಲ್‌ಗೂ ಇದ್ದರೆ ಫೋಟೋದವನ ಕೈಗೆ ಇಡೀ ಮನೆ ಕೊಟ್ಟಂತಾಯಿತು. ಫೋಟೋ ಏರಿಸುವವರಿಗೆ ಫೋಟೋ ಫೋಲ್ಡರಿಗೆ ಸೀಮಿತವಾದ ಪ್ರತ್ಯೇಕ ಎಫ್‌ಟಿಪಿ ಖಾತೆಯನ್ನು ಅದೇ ಫಲಕದಲ್ಲಿ ಮಾಡಿಕೊಡಬಹುದು.

ಮೂರನೆಯ ಹೆಜ್ಜೆ ಈ ಬಳಕೆದಾರನನ್ನು ಆ ಡೇಟಾಬೇಸಿಗೆ ಸೇರಿಸಿ ಅಧಿಕಾರ ಕೊಡುವುದು. ಮೊದಲೆರಡು ಮಾಡಿ ಇದನ್ನು ಮರೆತರೆ ತಾಣ ತೆರೆಯುವುದಿಲ್ಲ. ಡೇಟಾಬೇಸ್ ಸಂಪರ್ಕ ಸಾಧ್ಯವಾಗಲಿಲ್ಲ ಎಂಬ ಒಂದು ಸಾಲು ಬಿಳಿ ಪುಟದ ಮೇಲೆ ಕಾಣುತ್ತದೆ. ಹಾಗೆ ಕಂಡಾಗ ಗಾಬರಿಯಿಂದ ಎಲ್ಲವನ್ನೂ ಅಳಿಸಿ ಮತ್ತೆ ಸ್ಥಾಪಿಸುವ ಅಗತ್ಯವಿಲ್ಲ. ಡೇಟಾಬೇಸ್ ಹೆಸರು, ಬಳಕೆದಾರ, ಪಾಸ್‌ವರ್ಡ್, ಸರ್ವರ್ ಹೆಸರು (ಹೆಚ್ಚಿನ ಕಡೆ 'ಲೋಕಲ್‌ಹೋಸ್ಟ್') ಈ ನಾಲ್ಕನ್ನು ಸಂರಚನಾ ಫೈಲಿನೊಂದಿಗೆ ತಾಳೆ ನೋಡಿದರೆ ಸಾಮಾನ್ಯವಾಗಿ ತಪ್ಪು ಸಿಗುತ್ತದೆ.

ಯಾರಿಗೆ ಎಷ್ಟು ಅಧಿಕಾರ?

ಮೂರನೆಯ ಹೆಜ್ಜೆಯಲ್ಲಿ ಚೌಕಗಳ ದೊಡ್ಡ ಪಟ್ಟಿ ಬರುತ್ತದೆ. ಮೇಲ್ಗಡೆ 'ಆಲ್ ಪ್ರಿವಿಲೆಜಸ್' ಎಂಬ ಚೌಕ. ಅದನ್ನು ಒತ್ತಿ ಮುಂದೆ ಹೋಗುವುದು ರೂಢಿ. ಒಮ್ಮೆ ನಿಂತು ನೋಡಬೇಕು. ನಮ್ಮ ಸೇವಾ ಸಹಕಾರಿ ಬ್ಯಾಂಕಿನ ಲೆಡ್ಜರನ್ನು ಕಣ್ಣ ಮುಂದೆ ತಂದುಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಸೆಲೆಕ್ಟ್ ಎಂದರೆ ಲೆಡ್ಜರ್ ತೆರೆದು ಓದುವ ಅಧಿಕಾರ. ಇನ್ಸರ್ಟ್ ಎಂದರೆ ಹೊಸ ಸಾಲು ಬರೆಯುವುದು. ಅಪ್‌ಡೇಟ್ ಎಂದರೆ ಬರೆದ ಸಾಲನ್ನು ತಿದ್ದುವುದು. ಡಿಲೀಟ್ ಎಂದರೆ ಸಾಲನ್ನು ಅಳಿಸುವುದು. ಕ್ರಿಯೇಟ್ ಹೊಸ ಕೋಷ್ಟಕ ಮಾಡುವ, ಆಲ್ಟರ್ ಕೋಷ್ಟಕದ ಕಲಂಗಳನ್ನೇ ಬದಲಿಸುವ ಅಧಿಕಾರ. ಡ್ರಾಪ್ ಎಂದರೆ ಲೆಡ್ಜರನ್ನೇ ಒಲೆಗೆ ಹಾಕುವುದು. ಹಾಗೆ ಹಾಕಿದ್ದನ್ನು ಹಿಂದೆ ಪಡೆಯಲು 'ಕಸದ ಬುಟ್ಟಿ' ಇಲ್ಲಿಲ್ಲ. ಬ್ಯಾಕಪ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ವರ್ಡ್‌ಪ್ರೆಸ್ ತಾಣ ದಿನನಿತ್ಯ ನಡೆಯಲು ಮೊದಲ ನಾಲ್ಕು ಸಾಕು. ಆದರೆ ಹೊಸ ಆವೃತ್ತಿ ಬಂದಾಗ, ಹೊಸ ಪ್ಲಗಿನ್ ಹಾಕುವಾಗ ಕ್ರಿಯೇಟ್, ಆಲ್ಟರ್, ಇಂಡೆಕ್ಸ್, ಕೆಲವೊಮ್ಮೆ ಡ್ರಾಪ್ ಕೂಡ ಬೇಕಾಗುತ್ತದೆ. ಪ್ರತಿ ಸಲ ಕೊಟ್ಟು ಕಿತ್ತುಕೊಳ್ಳುವ ತಾಳ್ಮೆ ಹಳ್ಳಿಯ ಸಂಘಕ್ಕೆ ಇರುವುದಿಲ್ಲವೆಂದು ನನಗೆ ಗೊತ್ತು. ಆದ್ದರಿಂದ ತಾಣವನ್ನು ನಡೆಸುವ ಮುಖ್ಯ ಬಳಕೆದಾರನಿಗೆ ಪೂರ್ಣ ಅಧಿಕಾರ ಕೊಟ್ಟರೂ ಚಿಂತೆಯಿಲ್ಲ. ಕೇವಲ ಪಟ್ಟಿ ತೋರಿಸುವ ಇನ್ನೊಂದು ಪುಟಕ್ಕೆ, ಕಾಲೇಜು ಹುಡುಗರು ಕಲಿಯಲೆಂದು ಬರೆಯುವ ಪ್ರೋಗ್ರಾಂಗೆ ಅದೇ ಬಳಕೆದಾರನನ್ನು ಕೊಡಬಾರದು. ಸೆಲೆಕ್ಟ್ ಮಾತ್ರ ಇರುವ ಇನ್ನೊಬ್ಬ ಬಳಕೆದಾರನನ್ನು ಮಾಡಿದರೆ ಪ್ರೋಗ್ರಾಂ ಎಷ್ಟೇ ತಪ್ಪಿದರೂ ದಾಖಲೆ ಅಳಿಯದು.

ಇಲ್ಲಿ ಒಂದು ಮಿತಿಯನ್ನು ಓದುಗರು ಗಮನಿಸಬೇಕು. ಸಿಪ್ಯಾನೆಲ್‌ನ ಈ ಚೌಕಗಳು ಇಡೀ ಡೇಟಾಬೇಸಿಗೆ ಅನ್ವಯಿಸುತ್ತವೆ, ಒಂದೊಂದು ಕೋಷ್ಟಕಕ್ಕೆ ಬೇರೆ ಬೇರೆ ಅಲ್ಲ. ಪುಸ್ತಕದ ಪಟ್ಟಿಯೂ ಸದಸ್ಯರ ಫೋನ್ ನಂಬರ್, ಮನೆ ವಿಳಾಸವೂ ಒಂದೇ ಡೇಟಾಬೇಸಿನಲ್ಲಿದ್ದರೆ ಪಟ್ಟಿ ಓದುವ ಅಧಿಕಾರ ಪಡೆದವನು ಫೋನ್ ನಂಬರನ್ನೂ ಓದುತ್ತಾನೆ. ಎರಡಕ್ಕೂ ಪ್ರತ್ಯೇಕ ಡೇಟಾಬೇಸ್, ಪ್ರತ್ಯೇಕ ಬಳಕೆದಾರ ಇರುವುದೇ ಸರಿ. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನು ಮಾಡಿದ ಮೇಲೆ ಸದಸ್ಯರ ವಿವರವನ್ನು ಬೇಕಾಬಿಟ್ಟಿ ಇಟ್ಟುಕೊಳ್ಳುವ ಕಾಲ ಹೋಗುತ್ತಿದೆ.

'ರಿಮೋಟ್' ಎಂದು ಆರಂಭವಾಗುವ ಇನ್ನೊಂದು ಗುಂಡಿಯೂ ಡೇಟಾಬೇಸ್ ವಿಭಾಗದಲ್ಲಿದೆ. ಹೊರಗಿನ ಗಣಕದಿಂದ ನೇರವಾಗಿ ಡೇಟಾಬೇಸಿಗೆ ಬರಲು ಅನುಮತಿ ಕೊಡುವ ಜಾಗ ಅದು. ಅಲ್ಲಿ ಶೇಕಡಾ ಚಿಹ್ನೆಯೊಂದನ್ನು ಹಾಕಿದರೆ ಪ್ರಪಂಚದ ಯಾವ ಮೂಲೆಯಿಂದಲೂ ಬಾಗಿಲು ತಟ್ಟಬಹುದು ಎಂದರ್ಥ. ಯಾರಾದರೂ "ಅದನ್ನು ಹಾಕಿಬಿಡಿ, ಕೆಲಸ ಸುಲಭ" ಎಂದರೆ ಒಪ್ಪಬೇಡಿ. ನಮ್ಮಂಥ ತಾಣಗಳಿಗೆ ಅದರ ಅಗತ್ಯ ಬೀಳುವುದು ಅಪರೂಪ.

ಕನ್ನಡ ಅಕ್ಷರ ಉಳಿಯಬೇಕಾದರೆ

ಪ್ರಶ್ನಾರ್ಥಕ ಚಿಹ್ನೆಯ ಕಥೆಗೆ ಬರೋಣ. ಗಡಿನಾಡಿನ ತಾಣಗಳಿಗೆ ಇದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಒಂದೇ ಡೇಟಾಬೇಸಿನಲ್ಲಿ ನಮಗೆ ಕನ್ನಡ, ಮಲಯಾಳ ಎರಡೂ ಬೇಕು. ಸೊಲ್ಲಾಪುರದ ಕಡೆಯವರಿಗೆ ಕನ್ನಡ, ಮರಾಠಿ, ಮಡಕಶಿರಾದವರಿಗೆ ಕನ್ನಡ, ತೆಲುಗು.

ಮೈಎಸ್‌ಕ್ಯುಎಲ್‌ನಲ್ಲಿ ಬಹುಕಾಲ ಪೂರ್ವನಿಯೋಜಿತವಾಗಿದ್ದ ಅಕ್ಷರಗಣ ಲ್ಯಾಟಿನ್-1. ಪಶ್ಚಿಮ ಯುರೋಪಿನ ಭಾಷೆಗಳಿಗೆ ಹೊಂದುವಂಥದ್ದು. 2018ರ 8.0 ಆವೃತ್ತಿಯಿಂದ ಮಾತ್ರ ಯುಟಿಎಫ್8ಎಂಬಿ4 ಎಂಬುದು ಆ ಸ್ಥಾನಕ್ಕೆ ಬಂತು. ಯೂನಿಕೋಡಿನ ಒಂದೊಂದು ಕನ್ನಡ ಸಂಕೇತಕ್ಕೆ ಯುಟಿಎಫ್-8 ಪದ್ಧತಿಯಲ್ಲಿ 3 ಬೈಟ್ ಬೇಕು. ಮಲಯಾಳ, ತುಳುನಾಡಿನಾಚೆಯ ತಮಿಳು, ತೆಲುಗು, ದೇವನಾಗರಿಗೂ ಹಾಗೆಯೇ. 'ಕನ್ನಡ' ಎಂಬ ಪದ ನಮಗೆ ಮೂರು ಅಕ್ಷರ. ಗಣಕಕ್ಕೆ ಒತ್ತಕ್ಷರದ ವಿರಾಮ ಚಿಹ್ನೆಯೂ ಸೇರಿ ಐದು ಸಂಕೇತ, 15 ಬೈಟ್. ಹೀಗಾಗಿ ಶೀರ್ಷಿಕೆಯ ಕಲಂಗೆ ಇಂಗ್ಲಿಷ್ ಲೆಕ್ಕದಲ್ಲಿ 50 ಎಂದು ಅಳತೆ ಇಟ್ಟರೆ ಕನ್ನಡದ ಉದ್ದ ಹೆಸರುಗಳು ಹಿಡಿಯದೆ ಹೋಗಬಹುದು.

ಮೈಎಸ್‌ಕ್ಯುಎಲ್‌ನಲ್ಲಿ ಬರೇ 'ಯುಟಿಎಫ್8' ಎಂಬ ಹಳೆಯ ಆಯ್ಕೆ 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡಕ್ಕೆ ಅದು ಸಾಲುತ್ತದೆ. ಆದರೆ ಓದುಗನೊಬ್ಬ ಅಭಿಪ್ರಾಯದ ನಡುವೆ ಒಂದು ನಗುಮುಖದ ಎಮೋಜಿ ಹಾಕಿದರೆ ಅದಕ್ಕೆ 4 ಬೈಟ್ ಬೇಕು. ಆಗ ಸರ್ವರಿನ ಹೊಂದಿಕೆಗೆ ಅನುಸಾರ ಬರಹ ಉಳಿಯದೆ ದೋಷಸೂಚನೆ ಬರುತ್ತದೆ, ಇಲ್ಲವೇ ಆ ಚಿಹ್ನೆಯಿಂದ ಮುಂದಿನದೆಲ್ಲ ಸದ್ದಿಲ್ಲದೆ ಕತ್ತರಿಸಿ ಹೋಗುತ್ತದೆ. ತುಳುನಾಡಿನವರಿಗೆ ಇನ್ನೊಂದು ಕಾರಣವೂ ಇದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿ ಸೇರಿತು. ಅದರ ಅಕ್ಷರಗಳೂ 4 ಬೈಟ್‌ನವು. ನಾಳೆ ತುಳು ಲಿಪಿಯ ಹಸ್ತಪ್ರತಿಗಳ ಪಠ್ಯ ಏರಿಸಬೇಕೆಂದಿದ್ದರೆ ಇಂದೇ ಯುಟಿಎಫ್8ಎಂಬಿ4 ಆರಿಸಿಕೊಳ್ಳಬೇಕು.

ಇದನ್ನು ಮಾಡುವುದು ಪಿಎಚ್‌ಪಿಮೈಅಡ್ಮಿನ್‌ನಲ್ಲಿ. 1998ರಿಂದ ಇರುವ ಈ ಉಚಿತ ತಂತ್ರಾಂಶಕ್ಕೆ ಸಿಪ್ಯಾನೆಲ್‌ನಿಂದಲೇ ದಾರಿ ಇದೆ. ಖಾಲಿ ಡೇಟಾಬೇಸನ್ನು ತೆರೆದು, 'ಆಪರೇಶನ್ಸ್' ಎಂಬಲ್ಲಿ ಕೊಲೇಶನ್ ಎಂಬುದನ್ನು ಯುಟಿಎಫ್8ಎಂಬಿ4ರಿಂದ ಆರಂಭವಾಗಿ 'ಯೂನಿಕೋಡ್-ಸಿಐ' ಎಂದು ಕೊನೆಗೊಳ್ಳುವಂಥದ್ದಕ್ಕೆ ಬದಲಿಸಬೇಕು. ದಾಖಲೆ ತುಂಬಿದ ಮೇಲೆ ಬದಲಿಸಿದರೆ ಹೊಸ ಕೋಷ್ಟಕಗಳಿಗೆ ಮಾತ್ರ ತಗಲುತ್ತದೆ, ಹಳೆಯವು ತಾವಾಗಿ ಬದಲಾಗುವುದಿಲ್ಲ. ಸಾಗಿಸಿದ ಫೈಲನ್ನು 'ಇಂಪೋರ್ಟ್' ಮಾಡುವಾಗಲೂ ಫೈಲಿನ ಅಕ್ಷರಗಣ ಯುಟಿಎಫ್-8 ಎಂದಿದೆಯೇ ನೋಡಬೇಕು. ಮೈಎಸ್‌ಕ್ಯುಎಲ್ 8ರಿಂದ ಇಳಿಸಿದ ಫೈಲನ್ನು ಹಳೆಯ ಮಾರಿಯಾಡಿಬಿಗೆ ಏರಿಸಿದರೆ, '0900' ಎಂಬ ಅಂಕೆ ಇರುವ ಕೊಲೇಶನ್ ಗೊತ್ತಿಲ್ಲವೆಂದು ಅದು ತಕರಾರು ತೆಗೆಯುತ್ತದೆ. ಮೊದಲೇ ಹೇಳಿದ ವ್ಯತ್ಯಾಸ ಇದು. ಫೈಲಿನ ಒಂದು ಪ್ರತಿಯಲ್ಲಿ ಆ ಹೆಸರನ್ನು 'ಯೂನಿಕೋಡ್-ಸಿಐ' ಎಂದು ಬದಲಿಸಿ ಏರಿಸಿದರೆ ಕೆಲಸ ಸಾಗುತ್ತದೆ.

ತಾಣದಲ್ಲಿ ಕನ್ನಡ ಕೆಟ್ಟಂತೆ ಕಂಡರೆ ಹೇಗೆ ಕೆಟ್ಟಿದೆ ಎಂದು ನೋಡಿ. ತಲೆಯ ಮೇಲೆ ಗೀಟು ಇರುವ ಇಂಗ್ಲಿಷ್ 'ಎ' ಮುಂತಾದ ವಿಚಿತ್ರ ಅಕ್ಷರಗಳು ಪದೇ ಪದೇ ಬಂದರೆ ಬೈಟ್‌ಗಳು ಉಳಿದಿರುವ ಸಾಧ್ಯತೆ ಹೆಚ್ಚು. ಓದುವ ಪದ್ಧತಿ ತಪ್ಪಿದೆ ಅಷ್ಟೆ, ತಿಳಿದವರು ಸರಿಪಡಿಸಬಲ್ಲರು. ಡೇಟಾಬೇಸಿನ ಒಳಗೇ ಪ್ರಶ್ನಾರ್ಥಕ ಚಿಹ್ನೆಗಳು ಕುಳಿತಿದ್ದರೆ ಮೂಲ ಅಕ್ಷರ ಹೋಯಿತು. ಯಾರಿಂದಲೂ ಅದರಿಂದ ಕನ್ನಡ ತೆಗೆಯಲಾಗದು. ನಮ್ಮದು ಈ ಎರಡನೆಯ ಜಾತಿ. ಇನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯ ಯೂನಿಕೋಡ್ ಅಲ್ಲವೇ ಅಲ್ಲ. ಅದನ್ನು ಪರಿವರ್ತಿಸಿಯೇ ಡೇಟಾಬೇಸಿಗೆ ಹಾಕಬೇಕು, ಇಲ್ಲದಿದ್ದರೆ ಹುಡುಕಿದಾಗ ಒಂದು ಪುಸ್ತಕವೂ ಸಿಗದು.

ಕೈ ಬದಲಾದಾಗ

ಹೋಸ್ಟಿಂಗ್ ಖಾತೆ ಮತ್ತು ಡೊಮೇನ್ ಹೆಸರಿನ ನೋಂದಣಿ ಎರಡೂ ಸಂಘದ ಇ-ಮೇಲ್‌ನಲ್ಲಿರಲಿ. ಆ ಇ-ಮೇಲ್ ಅದೇ ಡೊಮೇನಿನದ್ದಾಗಿರಬಾರದು. ತಾಣ ನಿಂತ ದಿನ ಅದೂ ನಿಲ್ಲುತ್ತದೆ. ಸಿಪ್ಯಾನೆಲ್ ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಬೇಕು, ಮೊಹರು ಮಾಡಿದ ಲಕೋಟೆಯಲ್ಲಿ ಕಪಾಟಿನೊಳಗೆ ಒಂದು ಪ್ರತಿ ಇರಬೇಕು. ಪ್ರವೇಶಕ್ಕೆ ಮೊಬೈಲಿನ ಎರಡನೆಯ ಸಂಕೇತ ಕೇಳುವ ವ್ಯವಸ್ಥೆಯೂ ಇದೆ. ಅದನ್ನು ಹಾಕಿಸಿಕೊಂಡರೆ ಆ ಮೊಬೈಲು ಯಾರದು ಎಂಬುದನ್ನೂ ಬರೆದಿಡಿ.

ನೋಡಿಕೊಳ್ಳುತ್ತಿದ್ದವರು ಊರು ಬಿಟ್ಟಾಗ ಸಿಪ್ಯಾನೆಲ್ ಪಾಸ್‌ವರ್ಡ್ ಬದಲಿಸಿ ಸುಮ್ಮನಾಗುವುದು ಸಾಮಾನ್ಯ. ಅದರಿಂದ ಡೇಟಾಬೇಸ್ ಬಳಕೆದಾರನ ಪಾಸ್‌ವರ್ಡ್ ಬದಲಾಗುವುದಿಲ್ಲ. ಎಫ್‌ಟಿಪಿ ಉಪಖಾತೆಗಳು, ತಾಣದೊಳಗಿನ ಅಡ್ಮಿನಿಸ್ಟ್ರೇಟರ್ ಹೆಸರುಗಳು ಕೂಡ ಹಾಗೆಯೇ ಉಳಿಯುತ್ತವೆ. ಒಂದೊಂದನ್ನೂ ನೋಡಿ ಬದಲಿಸಬೇಕು ಇಲ್ಲವೇ ತೆಗೆಯಬೇಕು. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದ ನಿಮಿಷದಲ್ಲೇ ಸಂರಚನಾ ಫೈಲಿನಲ್ಲೂ ಬದಲಿಸದಿದ್ದರೆ ತಾಣ ನಿಲ್ಲುತ್ತದೆ. ರಾತ್ರಿ ಹೊತ್ತು ಮಾಡಿದರೆ ಒಳ್ಳೆಯದು. ಇದನ್ನೆಲ್ಲ ಅಪನಂಬಿಕೆ ಎಂದು ಯಾರೂ ತಿಳಿಯಬಾರದು. ಖಜಾಂಚಿ ಬದಲಾದಾಗ ಬ್ಯಾಂಕಿನಲ್ಲಿ ಸಹಿ ಬದಲಿಸುವುದಿಲ್ಲವೆ?

ಲೇಖನ ಬರೆಯುವವರಿಗೆಲ್ಲ ಸಿಪ್ಯಾನೆಲ್ ಬೇಡ. ವರ್ಡ್‌ಪ್ರೆಸ್‌ನಲ್ಲಿ ಎಡಿಟರ್, ಆಥರ್, ಕಾಂಟ್ರಿಬ್ಯೂಟರ್ ಎಂಬ ದರ್ಜೆಗಳಿವೆ. ಕಾಂಟ್ರಿಬ್ಯೂಟರ್ ಬರೆದದ್ದನ್ನು ಎಡಿಟರ್ ನೋಡಿ ಪ್ರಕಟಿಸುತ್ತಾರೆ. ಊರಿನ ಮಟ್ಟಿಗೆ ಒಬ್ಬರೋ ಇಬ್ಬರೋ ಅಡ್ಮಿನಿಸ್ಟ್ರೇಟರ್ ಧಾರಾಳವಾಯಿತು.

ಬ್ಯಾಕಪ್ ವಿಷಯ

ಸಿಪ್ಯಾನೆಲ್‌ನ ಬ್ಯಾಕಪ್ ಪುಟದಲ್ಲಿ ಡೇಟಾಬೇಸಿನ ಹೆಸರನ್ನು ಒತ್ತಿದರೆ ಒತ್ತಿ ಚಿಕ್ಕದಾಗಿಸಿದ ಒಂದು ಫೈಲ್ ಇಳಿಯುತ್ತದೆ. ಅದರಲ್ಲಿ ಡೇಟಾಬೇಸ್ ಬಳಕೆದಾರ, ಪಾಸ್‌ವರ್ಡ್ ಇರುವುದಿಲ್ಲ. ಹೊಸ ಜಾಗದಲ್ಲಿ ಮೂರು ಹೆಜ್ಜೆಗಳನ್ನು ಮತ್ತೆ ಮಾಡಿಯೇ ಇದನ್ನು ತುಂಬಬೇಕು. ಪಿಎಚ್‌ಪಿಮೈಅಡ್ಮಿನ್ ಎಷ್ಟು ದೊಡ್ಡ ಫೈಲ್ ಸ್ವೀಕರಿಸುತ್ತದೆ ಎಂಬುದು ಇಂಪೋರ್ಟ್ ಪುಟದಲ್ಲೇ ಬರೆದಿರುತ್ತದೆ. ಹೆಚ್ಚಾದರೆ ಕಂಪನಿಯವರನ್ನು ಕೇಳಬೇಕು.

ಇಳಿಸಿದ ಫೈಲನ್ನು ಬಿಡಿಸಿ, ಸಾದಾ ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ಒಂದು ಕನ್ನಡ ಸಾಲು, ಒಂದು ಮಲಯಾಳ ಸಾಲು ಓದಿ ನೋಡಿ. ಓದಲು ಬಂದರೆ ಆ ಫೈಲ್ ನಂಬಬಹುದು. ಹೊಸ ತಾಣದಲ್ಲಿ ಎಲ್ಲ ಸರಿಯಾಗಿದೆ ಎಂದು ಇಬ್ಬರು ನೋಡಿ ಹೇಳುವ ತನಕ ಹಳೆ ಖಾತೆ ಮುಚ್ಚಬೇಡಿ, ಫೈಲ್ ಅಳಿಸಬೇಡಿ.

ನಮ್ಮ ವಾಚನಾಲಯದಲ್ಲಿ ಈಗ ತಿಂಗಳ ಮೊದಲ ಭಾನುವಾರ ಗ್ರಂಥಪಾಲಕಿ ಬ್ಯಾಕಪ್ ಇಳಿಸಿ ಎರಡು ಪೆನ್‌ಡ್ರೈವಿಗೆ ಹಾಕುತ್ತಾರೆ. ಒಂದು ವಾಚನಾಲಯದ ಕಪಾಟಿನಲ್ಲಿ, ಇನ್ನೊಂದು ಅಧ್ಯಕ್ಷರ ಮನೆಯಲ್ಲಿ. ದಿನಾಂಕ, ಫೈಲಿನ ಗಾತ್ರ, ಓದಿ ನೋಡಿದ ಸಾಲು ಯಾವುದು ಎಂಬುದನ್ನು ದಾಸ್ತಾನು ರಿಜಿಸ್ಟರಿನ ಕೊನೆಯ ಪುಟಗಳಲ್ಲಿ ಬರೆದು ಸಹಿ ಹಾಕುತ್ತಾರೆ. ಹಿರಿಯರಲ್ಲಿ ಉಳಿದ ಮೂವರ ಮನೆಗೆ ಹುಡುಗರು ಮತ್ತೆ ಹೋಗಿ ಬರೆದುಕೊಂಡು ಬರುತ್ತಿದ್ದಾರೆ. ಈ ಸಲ ಮೊದಲು ನೋಟ್‌ಬುಕ್ಕಿನಲ್ಲಿ.